147573952589676412927

ಅರವತ್ತೇಳು ಎರಡುಗಳನ್ನು ಗುಣಿಸಿ ಬಂದ ಗುಣಲಬ್ಧದಿಂದ 1 ಕಳೆದರೆ ದೊರೆಯುವ 21 ಅಂಕಿಗಳ ಬೆಸ ಸಂಖ್ಯೆ (2⁶⁷ − 1). ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ ನಿಂತ 67 ಒಂದುಗಳು. ಇದೊಂದು ಸಂಯುಕ್ತ ಸಂಖ್ಯೆ; ಅವಿಭಾಜ್ಯ ಅಪವರ್ತನಗಳು ಎರಡೇ: 193707721 ಮತ್ತು 761838257287. ಎರಡನ್ನೂ 134ರಿಂದ ಭಾಗಿಸಿದರೆ ಶೇಷ 1. p ಬೆಸ ಅವಿಭಾಜ್ಯವಾಗಿದ್ದಾಗ 2ᵖ − 1ರ ಯಾವ ಭಾಜಕವನ್ನಾದರೂ 2pಯಿಂದ ಭಾಗಿಸಿದರೆ 1 ಉಳಿಯಲೇಬೇಕೆಂಬ ನಿಯಮದ ಫಲ ಇದು. ಸಂಯುಕ್ತವಾಗಿದ್ದೂ ಈ ಸಂಖ್ಯೆ 2ನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದ್ದರಿಂದ ಅದನ್ನು ಹುಸಿ ಅವಿಭಾಜ್ಯಗಳ ಸಾಲಿಗೂ ಸೇರಿಸುತ್ತಾರೆ.

ಮರ್ಸೆನ್ ಪಟ್ಟಿ

ಫ್ರೆಂಚ್ ಸಂನ್ಯಾಸಿ ಮರೇನ್ ಮರ್ಸೆನ್ 1644ರಲ್ಲಿ, 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಮಾತ್ರ 2ᵖ − 1 ಅನ್ನು ಅವಿಭಾಜ್ಯವಾಗಿಸುತ್ತವೆ ಎಂದು ಬರೆದ. ಇವಾನ್ ಪೆರ್ವುಶಿನ್ 1883ರಲ್ಲಿ 2⁶¹ − 1 ಅವಿಭಾಜ್ಯವೆಂದು ತೋರಿಸಿದ ಮೇಲೆ, ಪಟ್ಟಿಯ 67 ವಾಸ್ತವದಲ್ಲಿ 61ರ ಮುದ್ರಣದೋಷವಿರಬಹುದೆಂಬ ಊಹೆ ಹುಟ್ಟಿತು. ಆದರೆ ಪಟ್ಟಿಯಲ್ಲಿ 89 ಮತ್ತು 107 ಕೂಡ ಬಿಟ್ಟುಹೋಗಿವೆ, 257 ತಪ್ಪಾಗಿ ಸೇರಿದೆ. ಒಂದು ಅಚ್ಚಿನ ತಪ್ಪು ಇಷ್ಟಕ್ಕೆಲ್ಲ ಸಮಜಾಯಿಷಿ ಆಗದು.

ಲ್ಯೂಕಾ, ಕೋಲ್

ಮರ್ಸೆನ್‌ನ ಮಾತನ್ನು ಸುಳ್ಳಾಗಿಸಿದ ಕೀರ್ತಿಯನ್ನು ಜನಪ್ರಿಯ ಬರಹಗಳು ಅನೇಕ ಸಲ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್‌ಗೆ ಕೊಡುತ್ತವೆ. ಇದು ಸರಿಯಲ್ಲ. ಸಂಖ್ಯೆ ಒಡೆಯುತ್ತದೆ ಎಂದು ಎದುವಾರ್ ಲ್ಯೂಕಾ 1876ರಲ್ಲೇ ತೋರಿಸಿದ್ದ. ಪ್ರತಿ ಪದವನ್ನು ವರ್ಗ ಮಾಡಿ 2 ಕಳೆಯುತ್ತ ಸಾಗುವ ಶ್ರೇಢಿಯ ಶೇಷ ನೋಡುವುದು ಅವನ ವಿಧಾನದ ತಿರುಳು. ಅದಕ್ಕೆ ಅಪವರ್ತನಗಳನ್ನು ಹುಡುಕಬೇಕಾಗಿಲ್ಲ, ಅದರಿಂದ ಅವು ಸಿಗುವುದೂ ಇಲ್ಲ. ಒಡೆದ ತುಂಡುಗಳು ಯಾವುವು ಎಂಬುದು ಇನ್ನೂ 27 ವರ್ಷ ಕತ್ತಲಲ್ಲೇ ಇತ್ತು. ಕೋಲ್‌ನ ಸಾಧನೆ ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು.

1903ರ ಸಭೆ

ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಸೇರಿದಾಗ ಕೋಲ್ ಅಪವರ್ತನಗಳನ್ನು ಮಂಡಿಸಿದ. ಬಾಯಿ ಬಿಡದೆ ಕರಿಹಲಗೆಯ ಒಂದು ಕಡೆ ಘಾತ ಬಿಡಿಸಿ, ಇನ್ನೊಂದು ಕಡೆ ಗುಣಾಕಾರ ಮಾಡಿ, ಎರಡೂ ಒಂದೇ ಎಂದು ತೋರಿಸಿ ಕುಳಿತನೆಂಬ ಕಥೆಯೂ, ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂಬ ಮಾತೂ ಎರಿಕ್ ಟೆಂಪಲ್ ಬೆಲ್‌ನಿಂದ ಪ್ರಚಾರಕ್ಕೆ ಬಂದವು. ಬೆಲ್ ಇದನ್ನು ಪುಸ್ತಕದಲ್ಲಿ ಬರೆದದ್ದು 1951ರಲ್ಲಿ. ಸಭೆ ನಡೆದ ವರ್ಷ ಅವನು ಕ್ಯಾಲಿಫೋರ್ನಿಯದಲ್ಲಿ ವಿದ್ಯಾರ್ಥಿ. ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾದ ಕೋಲ್‌ನ ಲೇಖನವಾದರೋ ಮೌನದ್ದಲ್ಲ: ವರ್ಗಶೇಷಗಳ ನೆರವಿನಿಂದ ಭಾಜಕಗಳ ಹುಡುಕಾಟವನ್ನು ಹೇಗೆ ಕಿರಿದುಗೊಳಿಸಿದೆನೆಂದು ಅವನೇ ಅಲ್ಲಿ ವಿವರಿಸಿದ್ದಾನೆ.

ಈಗ ಸಾಧಾರಣ ಕಂಪ್ಯೂಟರ್ ಈ ಅಪವರ್ತನಗಳನ್ನು ಕ್ಷಣಮಾತ್ರದಲ್ಲಿ ಕೊಡುತ್ತದೆ. ಲ್ಯೂಕಾನ ಪರೀಕ್ಷೆಯನ್ನು 1930ರಲ್ಲಿ ಡಿ. ಎಚ್. ಲೆಹ್ಮರ್ ಸರಳಗೊಳಿಸಿದ, 2ᵖ − 1 ರೂಪದ ದೈತ್ಯ ಮರ್ಸೆನ್ ಅವಿಭಾಜ್ಯಗಳನ್ನು ಇಂದಿಗೂ ದೃಢಪಡಿಸುವುದು ಅದರಿಂದಲೇ.