ಬ್ರಿಟನ್ನಿನಲ್ಲಿ ವಯಸ್ಕರ ಹಾಗೂ ಮಾನಸಿಕ ಆರೋಗ್ಯ ಶುಶ್ರೂಷೆಯ ದ್ವಿಕ್ಷೇತ್ರ ಪದವಿ: ವ್ಯಾಸಂಗಾಪೇಕ್ಷಿಗಳಿಗೆ ಮಾಹಿತಿ

ಪೀಠಿಕೆ

ಭಾರತದಲ್ಲಿ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿ.ಎನ್.ಎಂ. ಪೂರೈಸಿದವರು ಸಾಮಾನ್ಯ ಶುಶ್ರೂಷಕರೆಂದು ನೋಂದಾಯಿತರಾಗುತ್ತಾರೆ. ವೈದ್ಯಕೀಯ, ಶಸ್ತ್ರಚಿಕಿತ್ಸೆ, ಮಕ್ಕಳ ಆರೋಗ್ಯ, ಹೆರಿಗೆ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಇವೆಲ್ಲವೂ ಒಂದೇ ಪಠ್ಯಕ್ರಮದಲ್ಲಿ ಅಡಕವಾಗಿರುತ್ತವೆ. ಬ್ರಿಟನ್ನಿನ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಶುಶ್ರೂಷೆಯನ್ನು ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ ಮತ್ತು ಕಲಿಕಾ ನ್ಯೂನತೆ ಎಂದು ನಾಲ್ಕು ಕ್ಷೇತ್ರಗಳಾಗಿ ವಿಂಗಡಿಸಲಾಗಿದ್ದು, ವಿದ್ಯಾರ್ಥಿಯು ಪ್ರವೇಶದ ಸಮಯದಲ್ಲಿಯೇ ಕ್ಷೇತ್ರವನ್ನು ಆರಿಸಿಕೊಳ್ಳಬೇಕಾಗುತ್ತದೆ. ಎರಡು ಕ್ಷೇತ್ರಗಳನ್ನು ಒಟ್ಟಿಗೆ ವ್ಯಾಸಂಗ ಮಾಡಿ, ಎರಡರಲ್ಲಿಯೂ ನೋಂದಣಿ ಪಡೆಯಲು ಅವಕಾಶ ನೀಡುವ ಪದವಿಯನ್ನು ದ್ವಿಕ್ಷೇತ್ರ ಪದವಿ ಎನ್ನಲಾಗುತ್ತದೆ. ವಯಸ್ಕರ ಶುಶ್ರೂಷೆಯನ್ನು ಮಾನಸಿಕ ಆರೋಗ್ಯದೊಂದಿಗೆ ಜೋಡಿಸಿದ ಪದವಿಯ ಬಗ್ಗೆ ಈ ಪುಟದಲ್ಲಿ ವಿವರ ನೀಡಲಾಗಿದೆ.

ಯಾರಿಗೆ ಈ ಪದವಿಯ ಅಗತ್ಯವಿಲ್ಲ

ಶುಲ್ಕ ಪಾವತಿಸುವ ಮುನ್ನ ಈ ಅಂಶವನ್ನು ಗಮನಿಸತಕ್ಕದ್ದು. ಭಾರತದಲ್ಲಿ ಈಗಾಗಲೇ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿ.ಎನ್.ಎಂ. ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದವರು ಬ್ರಿಟನ್ನಿನಲ್ಲಿ ಶುಶ್ರೂಷಕರಾಗಿ ಕೆಲಸ ಮಾಡಲು ಮತ್ತೊಮ್ಮೆ ಪದವಿ ಪಡೆಯಬೇಕಾಗಿಲ್ಲ. ಅವರಿಗೆ ಅಲ್ಲಿನ ನಿಯಂತ್ರಣ ಸಂಸ್ಥೆಯಾದ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಅರ್ಹತಾ ಪರೀಕ್ಷೆಯನ್ನು ನಡೆಸುತ್ತದೆ. ಪರೀಕ್ಷೆಯ ಮೊದಲ ಭಾಗವು ಕಂಪ್ಯೂಟರ್ ಮೂಲಕ ನಡೆಯುತ್ತದೆ ಹಾಗೂ ಅದನ್ನು ಭಾರತದಲ್ಲಿಯೇ ಬರೆಯಬಹುದು. ಎರಡನೆಯ ಭಾಗವು ಪ್ರಾತ್ಯಕ್ಷಿಕ ಪರೀಕ್ಷೆ. ಇದು ಬ್ರಿಟನ್ನಿನಲ್ಲಿ ಮಾತ್ರ ನಡೆಯುತ್ತದೆ. ಪರೀಕ್ಷೆಯನ್ನು ಒಂದು ಕ್ಷೇತ್ರಕ್ಕೆ ಸಂಬಂಧಿಸಿ ತೆಗೆದುಕೊಳ್ಳಬೇಕು. ಇಂಗ್ಲಿಷ್ ಜ್ಞಾನಕ್ಕೆ ಐ.ಇ.ಎಲ್.ಟಿ.ಎಸ್. ಅಕಾಡೆಮಿಕ್ ಪರೀಕ್ಷೆಯಾದಲ್ಲಿ ಓದು, ಆಲಿಸುವಿಕೆ, ಮಾತು ಇವುಗಳಲ್ಲಿ ತಲಾ 7 ಹಾಗೂ ಬರವಣಿಗೆಯಲ್ಲಿ 6.5 ಅಂಕಗಳನ್ನು ಕೇಳಲಾಗುತ್ತದೆ.

ಹೀಗಿದ್ದರೂ ನೋಂದಾಯಿತ ಶುಶ್ರೂಷಕರಿಗೆ "ಮತ್ತೊಂದು ಪದವಿಯಿಲ್ಲದೆ ಅಲ್ಲಿ ಕೆಲಸ ದೊರೆಯದು" ಎಂದು ತಿಳಿಸಿ ಪದವಿ ಕೋರ್ಸಿಗೆ ಸೇರಿಸುವ ಮಧ್ಯವರ್ತಿಗಳಿದ್ದಾರೆ. ಇಂತಹ ಮಾತನ್ನು ನಂಬಿ ಸಾಲ ಮಾಡುವ ಕುಟುಂಬವು ನಾಲ್ಕು ವರ್ಷಗಳ ಶುಲ್ಕವನ್ನೂ ಅಷ್ಟೇ ಅವಧಿಯ ಸಂಬಳವನ್ನೂ ಕಳೆದುಕೊಳ್ಳುತ್ತದೆ. ಅಲ್ಲಿ ನೋಂದಣಿ ಪಡೆದ ನಂತರ ಮತ್ತೊಂದು ಕ್ಷೇತ್ರವನ್ನು ಸೇರಿಸಿಕೊಳ್ಳಲು ಬಯಸುವವರಿಗೂ ಪೂರ್ಣಾವಧಿಯ ಪದವಿ ಕಡ್ಡಾಯವಲ್ಲ. ನೋಂದಾಯಿತ ಶುಶ್ರೂಷಕರ ಹಿಂದಿನ ಕಲಿಕೆಯನ್ನು ಪಠ್ಯಕ್ರಮದ ಶೇಕಡ 50ಕ್ಕೂ ಮೀರಿ ಪರಿಗಣಿಸಲು ಕೌನ್ಸಿಲ್‌ನ ನಿಯಮದಲ್ಲಿ ಅವಕಾಶವಿದೆ. ಆ ಮೇರೆಗೆ ಸಂಕ್ಷಿಪ್ತ ಪಠ್ಯಕ್ರಮಗಳು ನಡೆಯುತ್ತವೆ. ಭಾರತದಲ್ಲಿಯೇ ಉಳಿದು ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ಪರಿಣತಿ ಪಡೆಯಲು ಇಚ್ಛಿಸುವ ಪದವೀಧರರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಂ.ಎಸ್ಸಿ. ಮನೋರೋಗ ಶುಶ್ರೂಷೆ ಮುಂತಾದ ವ್ಯಾಸಂಗಗಳು ಲಭ್ಯವಿದ್ದು, ವೆಚ್ಚದ ದೃಷ್ಟಿಯಿಂದ ಇವೆರಡಕ್ಕೂ ಹೋಲಿಕೆಯೇ ಇಲ್ಲ.

ಆದುದರಿಂದ ದ್ವಿಕ್ಷೇತ್ರ ಪದವಿಯು ಮುಖ್ಯವಾಗಿ ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ವ್ಯಾಸಂಗ ಮುಗಿಸಿ ಶುಶ್ರೂಷಾ ವೃತ್ತಿಗೆ ಹೊಸದಾಗಿ ಪ್ರವೇಶಿಸುವವರಿಗೆ ಹಾಗೂ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳಿಗೆ ಸಂಬಂಧಿಸಿದುದಾಗಿದೆ.

ಎರಡು ಕ್ಷೇತ್ರಗಳು ಏಕೆ

ಮನಸ್ಸಿನ ಕಾಯಿಲೆಯುಳ್ಳವರಿಗೆ ದೇಹದ ಕಾಯಿಲೆಯೂ ಇರುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಚಿಕಿತ್ಸೆಯ ವ್ಯವಸ್ಥೆ ಇವೆರಡನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ಇರಿಸಿದೆ. ಇಂಗ್ಲೆಂಡಿನಲ್ಲಿ ತೀವ್ರ ಮಾನಸಿಕ ಕಾಯಿಲೆಯುಳ್ಳವರು ಉಳಿದವರಿಗಿಂತ ಸರಾಸರಿ 15ರಿಂದ 20 ವರ್ಷ ಮೊದಲೇ ಮರಣ ಹೊಂದುತ್ತಾರೆಂದು ಅಂದಾಜಿಸಲಾಗಿದೆ. ಈ ಸಾವುಗಳಲ್ಲಿ ಹೆಚ್ಚಿನವು ಹೃದ್ರೋಗ, ಶ್ವಾಸಕೋಶದ ರೋಗ ಮುಂತಾದ ದೈಹಿಕ ಕಾರಣಗಳಿಂದ ಆಗುವಂಥವು. ಮನೋರೋಗದ ಕೆಲವು ಔಷಧಿಗಳಿಂದ ತೂಕ ಮತ್ತು ರಕ್ತದ ಸಕ್ಕರೆಯ ಅಂಶ ಏರುತ್ತದೆ. ಕ್ಲೊಜಪೀನ್ ಎಂಬ ಔಷಧಿಯು ಬಿಳಿ ರಕ್ತಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸುವ ಸಂಭವವಿರುವುದರಿಂದ ಬ್ರಿಟನ್ನಿನಲ್ಲಿ ಮೊದಲ 18 ವಾರ ಪ್ರತಿ ವಾರವೂ, ನಂತರ ಒಂದು ವರ್ಷ ತುಂಬುವವರೆಗೆ ಎರಡು ವಾರಕ್ಕೊಮ್ಮೆಯೂ ರಕ್ತಪರೀಕ್ಷೆ ನಡೆಸುವ ಪದ್ಧತಿ ರೂಢಿಗೆ ಬಂದಿತು. ಇತ್ತ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದು ದಾಖಲಾದ ವೃದ್ಧೆಗೆ ರಾತ್ರಿಯ ವೇಳೆ ಭ್ರಮೆ ಕಾಣಿಸಿಕೊಂಡಾಗ ಅದು ಸೋಂಕಿನಿಂದ ಬಂದುದೋ, ಮರೆಗುಳಿತನದ ಲಕ್ಷಣವೋ, ಖಿನ್ನತೆಯೋ ಎಂದು ಮೊದಲು ಗಮನಿಸಬೇಕಾದವರು ಹಾಸಿಗೆಯ ಪಕ್ಕದಲ್ಲಿರುವ ಶುಶ್ರೂಷಕರು. ಎರಡೂ ಕಡೆಯ ತರಬೇತಿ ಇದ್ದವರ ಕಣ್ಣಿಗೆ ಇದು ಬೇಗ ಬೀಳುತ್ತದೆ.

ಕಾನೂನಿನ ವ್ಯತ್ಯಾಸವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1983ರ ಮಾನಸಿಕ ಆರೋಗ್ಯ ಕಾಯ್ದೆಯ 5(4)ನೇ ಪ್ರಕರಣದ ಮೇರೆಗೆ, ಮಾನಸಿಕ ಕಾಯಿಲೆಗಾಗಿ ಸ್ವಇಚ್ಛೆಯಿಂದ ಒಳರೋಗಿಯಾಗಿರುವ ವ್ಯಕ್ತಿಯು ಆಸ್ಪತ್ರೆಯನ್ನು ಬಿಟ್ಟು ಹೊರಟಾಗ, ಅದರಿಂದ ಅವರಿಗೆ ಅಥವಾ ಇತರರಿಗೆ ಅಪಾಯವಿದ್ದು ವೈದ್ಯರು ತಕ್ಷಣ ಬರಲು ಸಾಧ್ಯವಿಲ್ಲದಿದ್ದಲ್ಲಿ, ಶುಶ್ರೂಷಕರು ಗರಿಷ್ಠ 6 ಗಂಟೆಗಳವರೆಗೆ ಅವರನ್ನು ತಡೆದಿರಿಸಬಹುದು. ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ತಡೆಯುವ ಈ ಅಧಿಕಾರವನ್ನು ಮಾನಸಿಕ ಆರೋಗ್ಯ ಅಥವಾ ಕಲಿಕಾ ನ್ಯೂನತೆ ಕ್ಷೇತ್ರದ ನೋಂದಣಿ ಇರುವವರಿಗೆ ಮಾತ್ರ ನೀಡಲಾಗಿದೆ. ವಯಸ್ಕರ ಕ್ಷೇತ್ರದಲ್ಲಿ ಮಾತ್ರ ನೋಂದಾಯಿತರಾದವರು ಎಷ್ಟೇ ಅನುಭವಿಗಳಾದರೂ ಇದನ್ನು ಚಲಾಯಿಸುವಂತಿಲ್ಲ. ನೋಂದಣಿ ಪುಸ್ತಕದಲ್ಲಿನ ಕ್ಷೇತ್ರದ ಹೆಸರು ಕೇವಲ ಅಲಂಕಾರವಲ್ಲ ಎಂಬುದಕ್ಕೆ ಈ ಪ್ರಕರಣವು ನಿದರ್ಶನವಾಗಿದೆ.

ವ್ಯಾಸಂಗದ ಅವಧಿ ಮತ್ತು ಸ್ವರೂಪ

2013ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ ಶುಶ್ರೂಷಾ ವೃತ್ತಿಗೆ ಹೊಸದಾಗಿ ಸೇರುವವರಿಗೆ ಪದವಿ ಮಟ್ಟದ ವ್ಯಾಸಂಗ ಕಡ್ಡಾಯವಾಯಿತು. ಒಂದೇ ಕ್ಷೇತ್ರದ ಪದವಿ ಸಾಮಾನ್ಯವಾಗಿ ಮೂರು ವರ್ಷಗಳದ್ದು. ದ್ವಿಕ್ಷೇತ್ರ ಪದವಿಯು ಬಹುತೇಕ ನಾಲ್ಕು ವರ್ಷಗಳದ್ದಾಗಿದ್ದು, ಹಲವೆಡೆ ಸಂಯೋಜಿತ ಸ್ನಾತಕೋತ್ತರ ಪದವಿಯಾಗಿ ನೀಡಲಾಗುತ್ತದೆ. ಕೌನ್ಸಿಲ್ 2018ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ದ್ವಿಕ್ಷೇತ್ರ ಪಠ್ಯಕ್ರಮಕ್ಕೆ ಇಂತಿಷ್ಟೇ ವರ್ಷಗಳೆಂದು ನಿಗದಿ ಮಾಡಿಲ್ಲ; ಎರಡೂ ಕ್ಷೇತ್ರಗಳಲ್ಲಿ ಪ್ರಾವೀಣ್ಯ ಪಡೆಯಲು ತಕ್ಕಷ್ಟು ಅವಧಿ ಇರತಕ್ಕದ್ದು ಎಂದಷ್ಟೇ ಹೇಳಲಾಗಿದೆ. ಅವಧಿಯನ್ನು ವಿಶ್ವವಿದ್ಯಾಲಯವಾರು ಪರಿಶೀಲಿಸಬೇಕೆಂದು ಹೇಳುವುದು ಇದೇ ಕಾರಣದಿಂದ.

ಒಂದು ಕ್ಷೇತ್ರದ ಪದವಿಗೆ ಆ ಮಾನದಂಡಗಳು ಕನಿಷ್ಠ 4,600 ಗಂಟೆಗಳನ್ನು ವಿಧಿಸಿದವು. ಅದರಲ್ಲಿ ಅರ್ಧ, ಅಂದರೆ 2,300 ಗಂಟೆ, ಪಾಠ ಮತ್ತು ಉಳಿದರ್ಧ ಪ್ರಾಯೋಗಿಕ ಕಲಿಕೆ. 2023ರಲ್ಲಿ ಮಾಡಲಾದ ತಿದ್ದುಪಡಿಯಂತೆ ಪ್ರಾಯೋಗಿಕ ಅವಧಿಯ ಪೈಕಿ ಗರಿಷ್ಠ 600 ಗಂಟೆಗಳನ್ನು ಅನುಕರಣ ಕೊಠಡಿಗಳಲ್ಲಿ ಪೂರೈಸಲು ಅವಕಾಶ ಕಲ್ಪಿಸಲಾಯಿತು. ದ್ವಿಕ್ಷೇತ್ರವೆಂದ ಮಾತ್ರಕ್ಕೆ ಈ ಗಂಟೆಗಳು ದುಪ್ಪಟ್ಟಾಗುವುದಿಲ್ಲ. ಸಂವಹನ ಕೌಶಲ್ಯ ಹಾಗೂ ಶುಶ್ರೂಷಾ ವಿಧಾನಗಳ ಪಟ್ಟಿಗಳು ನಾಲ್ಕೂ ಕ್ಷೇತ್ರಗಳಿಗೆ ಸಮಾನವಾಗಿದ್ದು, ಅವುಗಳ ಆಳ ಮಾತ್ರ ಕ್ಷೇತ್ರಕ್ಕೆ ತಕ್ಕಂತೆ ಬದಲಾಗುವುದರಿಂದ ಇದು ಸಾಧ್ಯವಾಗುತ್ತದೆ.

ಪ್ರಾಯೋಗಿಕ ನಿಯೋಜನೆಯ ಅವಧಿಯಲ್ಲಿ ವಿದ್ಯಾರ್ಥಿಯನ್ನು ವಾರ್ಡಿನ ಸಿಬ್ಬಂದಿ ಸಂಖ್ಯೆಗೆ ಸೇರಿಸಿ ಎಣಿಸುವಂತಿಲ್ಲ. ಹೆಚ್ಚುವರಿ ವ್ಯಕ್ತಿಯೆಂದೇ ಪರಿಗಣಿಸಬೇಕು. ಕೆಲಸದ ಪಾಳಿಗಳು ಮಾತ್ರ ನಿಜವಾದವು. ರಾತ್ರಿ ಪಾಳಿ, ವಾರಾಂತ್ಯ, ಹಬ್ಬದ ದಿನಗಳೂ ಅದರಲ್ಲಿ ಸೇರುತ್ತವೆ. ಒಂದು ಅವಧಿಯಲ್ಲಿ ಶಸ್ತ್ರಚಿಕಿತ್ಸಾ ವಾರ್ಡು, ಮತ್ತೊಂದರಲ್ಲಿ ತೀವ್ರ ಮನೋರೋಗಿಗಳ ಘಟಕ, ಇನ್ನೊಂದರಲ್ಲಿ ಮನೆಮನೆಗೆ ತೆರಳುವ ಸಮುದಾಯ ತಂಡ ಹೀಗೆ ಬದಲಾಗುತ್ತಿರುತ್ತದೆ. ಒಂದೇ ಕ್ಷೇತ್ರದ ಸಹಪಾಠಿಗಳು ಅದೇ ಬಗೆಯ ವಾರ್ಡಿಗೆ ಮರಳಿ ಬಂದು ಕೈ ಪಳಗಿಸಿಕೊಳ್ಳುವಾಗ, ದ್ವಿಕ್ಷೇತ್ರದ ವಿದ್ಯಾರ್ಥಿ ಮತ್ತೆ ಹೊಸಬರಾಗಿ ನಿಲ್ಲಬೇಕಾಗುತ್ತದೆ. ಈ ವ್ಯಾಸಂಗದ ಕಷ್ಟವಿರುವುದು ಪುಸ್ತಕಗಳಿಗಿಂತ ಹೆಚ್ಚಾಗಿ ಇಲ್ಲಿಯೇ. ಔಷಧಿ ಪ್ರಮಾಣದ ಲೆಕ್ಕದ ಪರೀಕ್ಷೆಯಲ್ಲಿ ಶೇಕಡ 100 ಅಂಕ ಪಡೆದಲ್ಲಿ ಮಾತ್ರ ತೇರ್ಗಡೆ ಎಂಬುದನ್ನೂ ತಿಳಿದಿರಬೇಕು.

ಪ್ರವೇಶ

ಪದವಿ ಪ್ರವೇಶಕ್ಕೆ ಯುಕಾಸ್ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. ಸೆಪ್ಟೆಂಬರ್ ಪ್ರವೇಶಕ್ಕೆ ಮುಖ್ಯ ಗಡುವು ಅದೇ ವರ್ಷದ ಜನವರಿಯಲ್ಲಿ ಬರುತ್ತದೆ. ಪಿ.ಯು.ಸಿ. ಅಂಕಗಳ ಕನಿಷ್ಠ ಮಿತಿಯನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಪ್ರಾಯೋಗಿಕ ನಿಯೋಜನೆಯ ಸ್ಥಾನಗಳು ಮಿತವಾಗಿರುವುದರಿಂದ ಕೆಲವು ವಿಶ್ವವಿದ್ಯಾಲಯಗಳು ಹೊರದೇಶದ ವಿದ್ಯಾರ್ಥಿಗಳನ್ನು ಶುಶ್ರೂಷಾ ಪದವಿಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ಮೊದಲೇ ಪತ್ರಮುಖೇನ ಖಚಿತಪಡಿಸಿಕೊಳ್ಳುವುದು. ಪಠ್ಯಕ್ರಮವು ಎರಡೂ ಕ್ಷೇತ್ರಗಳಿಗೆ ಕೌನ್ಸಿಲ್‌ನ ಅನುಮೋದನೆ ಪಡೆದಿರಬೇಕು. ಶೀರ್ಷಿಕೆಯಲ್ಲಿ "ಮಾನಸಿಕ ಆರೋಗ್ಯ" ಎಂಬ ಪದವಿದ್ದರೂ ನೋಂದಣಿ ನೀಡದ ಶೈಕ್ಷಣಿಕ ಪದವಿಗಳು ಇರುತ್ತವೆ. ಅನುಮೋದಿತ ಪಠ್ಯಕ್ರಮಗಳ ಪಟ್ಟಿಯನ್ನು ಕೌನ್ಸಿಲ್‌ನ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.

ಸಂದರ್ಶನ, ಅಪರಾಧ ಹಿನ್ನೆಲೆಯ ಪರಿಶೀಲನೆ ಹಾಗೂ ಆರೋಗ್ಯ ತಪಾಸಣೆ ಇರುತ್ತವೆ. ಅಭ್ಯರ್ಥಿಯು ಹಿಂದೆ ಖಿನ್ನತೆ ಅಥವಾ ಇತರ ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆದಿದ್ದಲ್ಲಿ ಅದೊಂದರಿಂದಲೇ ಅನರ್ಹತೆ ಉಂಟಾಗುವುದಿಲ್ಲ. ಆದರೆ ಅದನ್ನು ಮರೆಮಾಚಿದ್ದು ಮುಂದೆ ತಿಳಿದುಬಂದಲ್ಲಿ ನಡತೆಯ ಪ್ರಶ್ನೆಯಾಗಿ ಪರಿಣಮಿಸಬಹುದು. ಮನೆಯವರು ಮುಚ್ಚಿಡಲು ಸಲಹೆ ನೀಡುವುದುಂಟು, ಅದು ಸಲ್ಲದು.

ವೆಚ್ಚ

ಇಂಗ್ಲೆಂಡಿನಲ್ಲಿ ಅರ್ಹ ಶುಶ್ರೂಷಾ ವಿದ್ಯಾರ್ಥಿಗಳಿಗೆ 2020ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 5,000 ಪೌಂಡ್ ನೆರವು ನೀಡುವ ಯೋಜನೆ ಜಾರಿಗೆ ಬಂದಿತು. ವಿದ್ಯಾರ್ಥಿ ವೀಸಾದ ಮೇಲೆ ಭಾರತದಿಂದ ತೆರಳುವವರಿಗೆ ಇದು ದೊರೆಯುವುದಿಲ್ಲ. ಮಧ್ಯವರ್ತಿಗಳ ಕರಪತ್ರದಲ್ಲಿ ಈ ಮೊತ್ತವನ್ನು ಕಳೆದು ಲೆಕ್ಕ ತೋರಿಸಿದ್ದಲ್ಲಿ ಆ ಲೆಕ್ಕವು ತಪ್ಪು. ಪ್ರಾಯೋಗಿಕ ನಿಯೋಜನೆಗೆ ಸಂಬಳವಿಲ್ಲ.

ಬೋಧನಾ ಶುಲ್ಕ ಮತ್ತು ಜೀವನ ವೆಚ್ಚದ ಹೊರತಾಗಿ ವೀಸಾ ಅರ್ಜಿಯೊಂದಿಗೆ ಆರೋಗ್ಯ ಸರ್ಚಾರ್ಜ್ ಪಾವತಿಸಬೇಕು. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ವರ್ಷಕ್ಕೆ 776 ಪೌಂಡ್‌ಗೆ ಏರಿಸಲಾಯಿತು. ಆ ದರದಲ್ಲಿ ನಾಲ್ಕು ವರ್ಷಗಳಿಗೆ 3,104 ಪೌಂಡ್ ಆಗುತ್ತದೆ. ವೀಸಾದ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ನಿಜವಾದ ಮೊತ್ತ ಇನ್ನೂ ಹೆಚ್ಚು. ಇದನ್ನು ಕಂತುಗಳಲ್ಲಿ ಕಟ್ಟಲು ಬರುವುದಿಲ್ಲ. ಬ್ಯಾಂಕ್ ಸಾಲದ ಅರ್ಜಿಯಲ್ಲಿ ಇದನ್ನು ನಮೂದಿಸಲು ಮರೆತು ಕೊನೆಯ ವಾರದಲ್ಲಿ ಕೈಸಾಲಕ್ಕೆ ಓಡಾಡುವವರು ಕಡಿಮೆಯೇನಲ್ಲ. ಜೀವನ ವೆಚ್ಚಕ್ಕೆಂದು ತೋರಿಸುವ ಉಳಿತಾಯದ ಹಣವು ಖಾತೆಯಲ್ಲಿ ಸತತ 28 ದಿನ ಇದ್ದಿರಬೇಕು. ಭಾರತದಲ್ಲಿ ವಾಸಿಸುವ ಅರ್ಜಿದಾರರು ಮಾನ್ಯತೆ ಪಡೆದ ಚಿಕಿತ್ಸಾಲಯದಿಂದಲೇ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಪಡೆಯಬೇಕು.

ಪದವಿ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳವರೆಗೆ ದುಡಿಯಲು ವೀಸಾ ನಿಯಮಗಳಲ್ಲಿ ಅವಕಾಶವಿದ್ದರೂ, ನಿಯೋಜನೆಯ ವಾರಗಳಲ್ಲಿ ಪೂರ್ಣ ಪಾಳಿ ಮುಗಿಸಿ ಮತ್ತೆ ದುಡಿಯುವುದು ಕಾಗದದ ಮೇಲೆ ಕಂಡಷ್ಟು ಸುಲಭವಲ್ಲ. ಈ ಸಂಪಾದನೆಯಿಂದ ಶುಲ್ಕ ತೀರಿಸುವ ಲೆಕ್ಕಾಚಾರವನ್ನು ಕೈಬಿಡುವುದು ಸೂಕ್ತ. 2024ರ ಜನವರಿಯ ನಂತರ ಆರಂಭವಾದ ಇಂತಹ ಬೋಧನಾ ಪದವಿಗಳಿಗೆ ಪತಿ, ಪತ್ನಿ, ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವ ಅವಕಾಶವನ್ನು ರದ್ದುಪಡಿಸಲಾಗಿದೆ.

ನೋಂದಣಿ ಮತ್ತು ವೇತನ

ತೇರ್ಗಡೆಯಾದವರ ಹೆಸರಿನ ಮುಂದೆ ಎರಡು ಕ್ಷೇತ್ರಗಳನ್ನೂ ದಾಖಲಿಸಲಾಗುತ್ತದೆ. ಮೂರು ವರ್ಷಗಳಿಗೊಮ್ಮೆ ನಡೆಯುವ ನವೀಕರಣಕ್ಕೆ 450 ಗಂಟೆಗಳ ವೃತ್ತಿ ಹಾಗೂ 35 ಗಂಟೆಗಳ ಮುಂದುವರಿಕೆ ಕಲಿಕೆ ಸಾಕು; ಎರಡು ಕ್ಷೇತ್ರಗಳಿವೆ ಎಂದು ಇದು ಹೆಚ್ಚುವುದಿಲ್ಲ. ವೇತನವೂ ಹಾಗೆಯೇ. ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಹೊಸ ಶುಶ್ರೂಷಕರು ಬ್ಯಾಂಡ್ 5ರಿಂದ ಆರಂಭಿಸುತ್ತಾರೆ. ದರ್ಜೆಯನ್ನು ಹುದ್ದೆ ನಿರ್ಧರಿಸುತ್ತದೆಯೇ ಹೊರತು ನೋಂದಣಿಯ ಸಂಖ್ಯೆಯಲ್ಲ. ಹೆಚ್ಚುವರಿ ವರ್ಷದ ವೆಚ್ಚವು ಆರಂಭಿಕ ವೇತನದಲ್ಲಿ ಹಿಂದಿರುಗುವುದಿಲ್ಲ; ಹುದ್ದೆಗಳ ಆಯ್ಕೆ ವಿಶಾಲವಾಗುವುದೇ ಇದರ ಲಾಭ.

ಭಾರತಕ್ಕೆ ಹಿಂದಿರುಗುವವರಿಗೆ

ಬ್ರಿಟನ್ನಿನ ಪದವಿಯಿಂದ ಭಾರತದಲ್ಲಿ ತಾನಾಗಿಯೇ ನೋಂದಣಿ ದೊರೆಯುವುದಿಲ್ಲ. ವಿದ್ಯಾರ್ಹತೆಯ ಮಾನ್ಯತೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಇಲ್ಲಿನ ಪಠ್ಯಕ್ರಮದಲ್ಲಿ ಹೆರಿಗೆ ಶುಶ್ರೂಷೆ ಸೇರಿದ್ದು, ನೋಂದಣಿಯೂ "ಶುಶ್ರೂಷಕಿ ಹಾಗೂ ಮಿಡ್‌ವೈಫ್" ಎಂದೇ ಆಗುತ್ತದೆ. ಬ್ರಿಟನ್ನಿನಲ್ಲಿ ಮಿಡ್‌ವೈಫರಿ ಪ್ರತ್ಯೇಕ ಪದವಿ. ಮಕ್ಕಳ ಶುಶ್ರೂಷೆಯೂ ಪ್ರತ್ಯೇಕ ಕ್ಷೇತ್ರ. ಎರಡು ಕ್ಷೇತ್ರಗಳನ್ನು ಓದಿದವರಿಗೂ ಈ ಎರಡರ ಕೊರತೆ ಉಳಿಯುತ್ತದೆ. ಅಮೆರಿಕದಂತಹ ದೇಶಗಳಿಗೆ ಮುಂದೆ ಹೋಗುವ ಉದ್ದೇಶವಿರುವವರಿಗೂ ಇದೇ ತೊಡಕು ಎದುರಾಗಬಹುದು.

ಈ ಕಾರಣದಿಂದ ಪದವಿ ಪ್ರಮಾಣಪತ್ರದೊಂದಿಗೆ, ಪ್ರತಿ ಕ್ಷೇತ್ರದಲ್ಲಿ ಪೂರೈಸಿದ ಪಾಠದ ಮತ್ತು ಪ್ರಾಯೋಗಿಕ ಕಲಿಕೆಯ ಗಂಟೆಗಳನ್ನು ಬೇರೆ ಬೇರೆಯಾಗಿ ನಮೂದಿಸಿದ ವಿವರಪಟ್ಟಿಯನ್ನು ವಿಶ್ವವಿದ್ಯಾಲಯದಿಂದ ಸಹಿ ಮತ್ತು ಮೊಹರಿನೊಂದಿಗೆ ಪಡೆದುಕೊಳ್ಳುವುದು. ಅಭ್ಯರ್ಥಿಯು ಅಲ್ಲಿರುವಾಗ ಇದನ್ನು ಪಡೆಯುವುದು ಸುಲಭ. ಐದಾರು ವರ್ಷಗಳ ನಂತರ ಇಲ್ಲಿಂದ ಪತ್ರ ಬರೆದು ತರಿಸಿಕೊಳ್ಳುವುದು ಕಷ್ಟ.