ದಾಸವಾಳ: ಮೊಗ್ಗು ಉದುರುವಿಕೆ ಮತ್ತು ಕೀಟ ಹತೋಟಿ

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂಥ ಎರೆಭೂಮಿಯ ಊರುಗಳಲ್ಲಿ ದಾಸವಾಳದ ಮೊಗ್ಗು ಉದುರಲು ಮೊದಲ ಕಾರಣ ನೀರಿನ ಏರುಪೇರು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರನ್ನು ಉಸಿರುಗಟ್ಟಿಸುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗುಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಸಮನಾಗಿರುತ್ತದೆ. ಸಾರಜನಕ ಅತಿಯಾದರೆ ಎಲೆ ಸೊಕ್ಕಿ ಹೂ ಕುಗ್ಗುತ್ತದೆ.

ದಾಸವಾಳ, ಹತ್ತಿ, ಬೆಂಡೆ ಒಂದೇ ಕುಟುಂಬದವು. ಆದ್ದರಿಂದ ಹತ್ತಿ ಹೊಲದ ಹಿಟ್ಟು ತಿಗಣೆ, ಸಸ್ಯಹೇನು, ಬಿಳಿನೊಣಗಳು ಹಿತ್ತಲಿಗೂ ಬರುತ್ತವೆ. ಥ್ರಿಪ್ಸ್ ಮೊಗ್ಗಿನೊಳಗೇ ಅಡಗಿ ರಸ ಹೀರುತ್ತದೆ. ಉದುರಿದ ಮೊಗ್ಗುಗಳನ್ನು ಆರಿಸಿ ನಾಶಪಡಿಸಬೇಕು.

ಎಲ್ಲಕ್ಕಿಂತ ಹಟಮಾರಿ ಹಿಟ್ಟು ತಿಗಣೆ. ಅದರ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಇರುವೆ ತಡೆಯದೆ ತಿಗಣೆ ಹತೋಟಿಗೆ ಬಾರದು. ಮುರುಟಿದ ಕುಡಿ ಕತ್ತರಿಸಿ ಸುಟ್ಟು, ನೀರನ್ನು ರಭಸದಿಂದ ಹಾಯಿಸಿ, ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ತುಸು ಸೋಪಿನ ದ್ರಾವಣ ಬೆರೆಸಿ ಎಲೆಯ ಅಡಿಗೂ ಸಿಂಪಡಿಸಬೇಕು. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ಗುಲಗಂಜಿ ಹುಳು ಇದರ ಪರಮವೈರಿ. ಅದರ ಮರಿ ಬಿಳಿ ಮೇಣದಿಂದ ಮುಚ್ಚಿಕೊಂಡು ತಿಗಣೆಯಂತೆಯೇ ಕಾಣುವುದರಿಂದ, ಸಿಂಪಡಿಸುವ ಮೊದಲು ನೋಡಿ ಗುರುತಿಸುವುದು ಅಗತ್ಯ: ಮರಿ ದೊಡ್ಡದು, ಚುರುಕಾಗಿ ಓಡಾಡುತ್ತದೆ.