ತೊಟ್ಟಿಯಿಂದ ತೋಟಕ್ಕೆ ಹಬ್ಬಿದ ಜ್ವರ

‘ಚಿಕುನ್‌ಗುನ್ಯ’ ಎಂಬುದು ಆಫ್ರಿಕದ ಮಾಕೊಂಡೆ ಭಾಷೆಯ ಮಾತು. ಬಾಗಿಸುವಂಥದು ಎಂದು ಅರ್ಥ. ಕೀಲುನೋವಿನಿಂದ ರೋಗಿ ಬಗ್ಗಿ ನಡೆಯುವುದರಿಂದ ಈ ಹೆಸರು. 1963ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡ ಈ ಜ್ವರ, 1973ರ ಬಳಿಕ ಭಾರತದಲ್ಲಿ ಮೂರು ದಶಕ ಸುದ್ದಿಯಲ್ಲಿರಲಿಲ್ಲ.

ಅದು ಮರಳಿ ಬಂದಾಗ ಹೆಚ್ಚು ಪೆಟ್ಟು ತಿಂದದ್ದು ಕರ್ನಾಟಕ. 2006ರಲ್ಲಿ ರಾಜ್ಯದ ಶಂಕಿತ ಪ್ರಕರಣಗಳೇ ಸುಮಾರು 7.5 ಲಕ್ಷ. ಕಲಬುರಗಿ, ಬೀದರ್, ರಾಯಚೂರು, ಚಿತ್ರದುರ್ಗ, ತುಮಕೂರು ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಹಾವಳಿ ಜೋರಾಗಿತ್ತು. ನಲ್ಲಿ ದಿನವೂ ಬಾರದ ಊರುಗಳಲ್ಲಿ ತೊಟ್ಟಿ, ಡ್ರಮ್ಮು ತುಂಬಿಡದೆ ವಿಧಿಯಿಲ್ಲ. ಈಡಿಸ್ ಈಜಿಪ್ಟೈ ಸೊಳ್ಳೆ ಮೊಟ್ಟೆಯಿಡುವುದೂ ಅಲ್ಲಿಯೇ. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಕಾಡಿದರೆ ಕೂಲಿಕಾರರ ದುಡಿಮೆಯೇ ನಿಲ್ಲುತ್ತದೆ.

ಈ ನಡುವೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ವೈರಸ್ಸು ಸಣ್ಣದೊಂದು ಮಾರ್ಪಾಟು ಹೊಂದಿತ್ತು. ಅದರ ಹೊರಕವಚದ ‘ಇ1’ ಪ್ರೋಟೀನಿನ 226ನೆಯ ಸ್ಥಾನದಲ್ಲಿ ಅಲನಿನ್ ಹೋಗಿ ವ್ಯಾಲಿನ್ ಬಂದಿತ್ತು. ಬದಲಾದದ್ದು ಒಂದೇ ಅಮೈನೋ ಆಮ್ಲ. ಅಷ್ಟರಿಂದಲೇ ಈಡಿಸ್ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಸೊಳ್ಳೆಯ ಹೊಟ್ಟೆಯಲ್ಲಿ ಅದು ಸಲೀಸಾಗಿ ಬೆಳೆಯತೊಡಗಿತು. ಇದು ಗಿಡಮರಗಳ ನಡುವೆ ಬಾಳುವ ಸೊಳ್ಳೆ.

ಇದೇ ಮಾರ್ಪಾಟು 2007ರಲ್ಲಿ ಕೇರಳದಲ್ಲಿ, 2008ರಲ್ಲಿ ಕರ್ನಾಟಕದ ಕರಾವಳಿಯಲ್ಲಿ ಪತ್ತೆಯಾಯಿತು. ಮಳೆನೀರು ನಿಂತ ರಬ್ಬರ್ ಹಾಲಿನ ಬಟ್ಟಲು, ತೆಂಗಿನ ಚಿಪ್ಪುಗಳಲ್ಲಿ ಈ ಸೊಳ್ಳೆ ಮರಿಮಾಡುತ್ತದೆ. ಬಯಲುಸೀಮೆಯಲ್ಲಿ ತೊಟ್ಟಿಗೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ತೊಳೆದು ಒಣಗಿಸಿದರೆ ಬಹುಪಾಲು ಕೆಲಸವಾಯಿತು. ಕರಾವಳಿಯಲ್ಲಿ ಅಷ್ಟು ಸಾಲದು, ತೋಟದ ಬಟ್ಟಲುಗಳನ್ನೂ ಬೋರಲು ಹಾಕಬೇಕು. ವೈರಸ್ಸಿನ ಗುಣ ಬದಲಾದರೆ ಆರೋಗ್ಯ ಇಲಾಖೆ ಕಾವಲು ಕಾಯುವ ಜಾಗವೂ ಬದಲಾಗಬೇಕಾಗುತ್ತದೆ.